ಕರಗದ ಮುಖ

ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. ಅದು ಕರಗುತ್ತಾ?

ಈ ಮಾತು ಕಿವಿಗೆ ಬಿದ್ದರೆ ಸಾಕು, ಕೆಂಡನಿಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. ಐಸ್ ಕಣ್ರೀ, ಕರಗದೆ ಚಿಗುರುತ್ತಾ ಎಂದು ಒಬ್ಬ ಹೋಟೆಲಿನವರಿಗೆ ಹೇಳಿಯೂ ಬಿಟ್ಟಿದ್ದ. ಅವರು ತಿರುಗಿ ಫೋನ್ ಮಾಡಲಿಲ್ಲ. ಇನ್ನೊಬ್ಬರು, ಐಸಿನ ಹಂಸವನ್ನು ಹಿಂದಿನ ದಿನವೇ ತಂದು ನಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟರೆ ಆಗಲ್ವಾ ಎಂದು ಕೇಳಿದರು. ಇಡಬಹುದು, ಮೊದಲು ತರಕಾರಿ ತೆಗೀರಿ, ಆಮೇಲೆ ಫ್ರಿಜ್ಜಿನ ಬಾಗಿಲು ತೆಗೀರಿ, ಆಮೇಲೆ ಮನೆ ಗೋಡೆ ತೆಗೀರಿ ಎಂದ. ಅವರೂ ಹೋದರು. ಅವನಿಗೊಂದು ಸರಿಯಾದ ಹೆಸರಿತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ತಿರುಗುವವನನ್ನು ಐಸಿನ ಅಂಗಡಿಯಲ್ಲಿ ಕೆಂಡ ಎನ್ನದೆ ಇನ್ನೇನು ಎನ್ನುತ್ತಾರೆ.

ಮದುವೆ, ಸಭೆಗಳಿಗೆ ಐಸಿನಲ್ಲಿ ಬೊಂಬೆ ಕೆತ್ತಿ ಕೊಡುವ ಆ ಅಂಗಡಿ ಅವನ ಸೋದರಮಾವನದು. ಅರ್ಧಕ್ಕೇ ಓದು ಬಿಟ್ಟು ಬಂದಾಗ ಕಂಡಕಂಡವರೆಲ್ಲ ಬುದ್ಧಿ ಹೇಳಿದ್ದರು. ಮಾವ ಮಾತ್ರ ಬುದ್ಧಿ ಹೇಳದೆ ಒಂದು ಜೊತೆ ಕೈಗವಸು ಎಸೆದು, ತೊಟ್ಟಿ ತೊಳೆ ಎಂದಿದ್ದ. ಆ ಒಂದು ಮಾತಿಗೆ ಕೆಂಡ ಅಲ್ಲೇ ಉಳಿದುಬಿಟ್ಟ. ಮೊದಲು ಲಾರಿ ನಿಲ್ಲಿಸುತ್ತಿದ್ದ ತಗಡಿನ ಶೆಡ್ಡು ಅದು. ಮುಂದೆ ಒಂದು ಮೇಜು, ಫೋನು, ಎರಡು ಕುರ್ಚಿ. ಹಿಂದೆ ದಪ್ಪ ಬಾಗಿಲಿನ ತಣ್ಣನೆ ಕೋಣೆ. ನಡುವೆ ಐಸ್ ಕಟ್ಟುವ ತೊಟ್ಟಿಗಳು. ತೊಟ್ಟಿಯ ತಳವಷ್ಟೇ ತಣ್ಣಗಾಗುತ್ತದೆ. ಮೇಲಿನ ನೀರನ್ನು ಪುಟ್ಟ ಪಂಪೊಂದು ಸುಮ್ಮನಿರಲು ಬಿಡದೆ ಆಡಿಸುತ್ತಲೇ ಇರುತ್ತದೆ. ನೀರು ಆಡುತ್ತಿದ್ದರೆ ಗುಳ್ಳೆಗಳು ಒಳಗೆ ಸಿಕ್ಕಿಕೊಳ್ಳುವುದಿಲ್ಲ, ಗಡ್ಡೆ ಕಿಟಕಿಯ ಗಾಜಿನ ಹಾಗೆ ತಿಳಿಯಾಗಿ ಬರುತ್ತದೆ. ನಮ್ಮ ಮನೆಯ ಐಸ್ ಬೆಳ್ಳಗಿರುತ್ತಲ್ಲ, ನೀವು ಏನು ಔಷಧಿ ಹಾಕುತ್ತೀರಿ ಎನ್ನುವುದು ಫೋನಿನವರ ಎರಡನೆಯ ಪ್ರಶ್ನೆ. ಕರಗಿದ ನೀರು ನಮ್ಮ ರತ್ನಗಂಬಳಿ ಹಾಳು ಮಾಡುತ್ತದೆಯೇ, ಮಕ್ಕಳು ನೆಕ್ಕಬಹುದೇ, ಬಣ್ಣ ಬರುತ್ತದೆಯೇ, ಮುಗಿದ ಮೇಲೆ ವಾಪಸ್ ತೆಗೆದುಕೊಂಡು ಹೋಗುತ್ತೀರಾ. ಹೀಗೆ ಶುರುವಾದರೆ ಮುಗಿಯುವುದೇ ಇಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅತ್ತೆಯ ಕೆಲಸವಾಗಿತ್ತು. ಪ್ರತಿಯೊಂದನ್ನೂ ಜನ್ಮದಲ್ಲಿ ಮೊದಲ ಸಲ ಕೇಳಿದವಳಂತೆ ಕೇಳಿಸಿಕೊಳ್ಳುತ್ತಿದ್ದಳು. ಉತ್ತರ ಕೊಡುತ್ತಾ ಕೊಡುತ್ತಾ ತನಗೆ ಬೇಕಾದ್ದನ್ನು ಅವರ ಬಾಯಿಂದಲೇ ಎಳೆದುಕೊಳ್ಳುತ್ತಿದ್ದಳು. ಮೇಜು ಕಿಟಕಿಯ ಹತ್ತಿರವೋ ಗೋಡೆಯ ಹತ್ತಿರವೋ, ಮೇಲೆ ಫ್ಯಾನ್ ಇದೆಯೋ, ಜನ ಎಷ್ಟು, ಮುಖ್ಯವಾದವರು ಬರುವುದು ಯಾವಾಗ. ಅದನ್ನೆಲ್ಲ ಕೇಳಿಕೊಂಡು ಮಾವ ಎಷ್ಟು ಮೈ ಬಿಡಬೇಕೆಂದು ತೀರ್ಮಾನಿಸುತ್ತಿದ್ದ.

ಮೈ ಬಿಡುವುದೆಂದರೆ ಬೇಕಾದ್ದಕ್ಕಿಂತ ದಪ್ಪಗೆ ಕೆತ್ತುವುದು. ಆ ಅಂಗಡಿಯ ಗುಟ್ಟೇ ಅದು. ಶೆಡ್ಡಿನಿಂದ ಹೊರಡುವಾಗ ಮಾವನ ಹಂಸ ತಿಂದು ಕೊಬ್ಬಿದ ಬಾತುಕೋಳಿಯಂತಿರುತ್ತಿತ್ತು. ಸಭಾಂಗಣದ ಸೆಕೆಯಲ್ಲಿ ನಿಧಾನವಾಗಿ ಆ ಮೈ ಇಳಿದು, ಜನ ಬಂದು ಕೂರುವ ಹೊತ್ತಿಗೆ ಸರಿಯಾಗಿ ಕುತ್ತಿಗೆ ಸಣ್ಣಗಾಗಿ, ರೆಕ್ಕೆ ತೆಳ್ಳಗಾಗಿ, ಹಂಸವಾಗುತ್ತಿತ್ತು. ಬೇರೆಯವರು ಶೆಡ್ಡಿನಲ್ಲಿ ಚೆಂದ ಕಾಣುವಂತೆ ಕೆತ್ತಿ ಸಭೆಯಲ್ಲಿ ಕಡ್ಡಿ ನಿಲ್ಲಿಸುತ್ತಿದ್ದರು. ಮಾವನಿಗೆ ಇನ್ನೊಂದು ನಿಯಮವೂ ಇತ್ತು. ಗಿರಾಕಿಯ ಜಾಗಕ್ಕೆ ಉಳಿ ಒಯ್ಯಬಾರದು. ಉಳಿ ಕಣ್ಣಿಗೆ ಬಿದ್ದರೆ ಮೂಗು ಸ್ವಲ್ಪ ಸಣ್ಣ ಮಾಡಿ, ಕಿವಿ ಸ್ವಲ್ಪ ಹಿಂದೆ ತಳ್ಳಿ ಎಂದು ಶುರು ಮಾಡುತ್ತಾರೆ, ಆಮೇಲೆ ಬ್ರಹ್ಮನಿಂದಲೂ ಬಿಡಿಸಿಕೊಳ್ಳಲು ಆಗುವುದಿಲ್ಲ ಎನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಎರಡು ತಾಪತ್ರಯ ಒಟ್ಟಿಗೇ ಬಂದವು. ವರ್ಷಗಟ್ಟಲೆ ಗರಗಸದ ನಡುಕ ತಿಂದು ತಿಂದು ಮಾವನ ಬೆರಳುಗಳು ಸ್ವಾಧೀನ ತಪ್ಪಿದವು. ಬೆಳಿಗ್ಗೆ ಅಂಗಿಯ ಗುಂಡಿಯನ್ನು ಅತ್ತೆಯೇ ಹಾಕಬೇಕು. ದಪ್ಪ ಕೆಲಸ ಮಾಡುತ್ತಿದ್ದ, ಸಣ್ಣ ಉಳಿ ಹಿಡಿದರೆ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಅದೇ ಹೊತ್ತಿಗೆ ಅತ್ತೆಯ ಗಂಟಲು ಕಟ್ಟಿತು. ಡಾಕ್ಟರು ಒಂದಷ್ಟು ದಿನ ಪಿಸುಮಾತೂ ಆಡಬೇಡಿ ಎಂದರು. ಫೋನು ಕೆಂಡನ ಕೈಗೆ ಬಂತು. ಅತ್ತೆ ಪಕ್ಕದಲ್ಲಿ ನಿಂತು, ಅವನ ಧ್ವನಿ ಏರಿದಾಗಲೆಲ್ಲ ಸ್ಕೇಲಿನಿಂದ ಮೇಜು ಬಡಿಯುತ್ತಿದ್ದಳು. ಆದರೂ ಬರುವ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು.

ಮಾವ ಕೂಗಾಡುವವನಲ್ಲ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ಮೀನಿನ ಗೋದಾಮಿನ ಮೇಸ್ತ್ರಿಯ ಹತ್ತಿರ ಮಾತಾಡಿದ್ದೇನೆ ಎಂದ. ಪೆಟ್ಟಿಗೆ ಹೊರುವ ಕೆಲಸ, ಸೋಮವಾರದಿಂದ ಬಾ ಎಂದಿದ್ದಾರಂತೆ, ಅಲ್ಲಿ ಯಾರ ಜೊತೆಗೂ ಮಾತಾಡುವ ಅಗತ್ಯವಿಲ್ಲ. ಅತ್ತೆ ಸ್ಕೇಲು ಎತ್ತಿ ಮೇಜಿಗೆ ಬಡಿದಳು. ಈ ಸಲ ಅದು ಗಂಡನಿಗೆ. ಕೆಂಡನನ್ನು ತೋರಿಸಿದಳು, ಗೋಡೆಗೆ ತಗುಲಿಹಾಕಿದ್ದ ಸಣ್ಣ ಉಳಿಗಳನ್ನು ತೋರಿಸಿದಳು, ಆಮೇಲೆ ಮಾವನ ಕೈಗಳನ್ನು ತೋರಿಸಿ ಸುಮ್ಮನೆ ನಿಂತಳು. ಮಾವ ಚಹಾ ಮುಗಿಸುವವರೆಗೂ ಅವಳು ಕೈ ಕೆಳಗಿಳಿಸಲಿಲ್ಲ.

"ಆಯ್ತು ಮಾರಾಯ್ತಿ" ಎಂದ ಮಾವ. ಆಮೇಲೆ ಕೆಂಡನ ಕಡೆ ತಿರುಗಿದ. "ನೋಡೋ ಅಳಿಯ. ಈಗ ಬರೋ ಒಂದು ಕೆಲಸ ನೀನೇ ಮಾಡು. ಫೋನಿನಿಂದ ಹಿಡಿದು ಮೇಜಿನ ಮೇಲೆ ನಿಲ್ಸೋವರೆಗೂ ನೀನೇ. ಸರಿ ಬಂತೋ, ಉಳಿ ನಿಂದು. ಇಲ್ಲಾಂದ್ರೆ ಸೋಮವಾರ ಗೋದಾಮಿಗೆ ಹೋಗು. ನನ್ನ ಹತ್ರ ಇನ್ನು ಕೇಳ್ಬೇಡ."

ಬಂದ ಕೆಲಸ ಒಂದು ಮುಖ. ಫೋನ್ ಮಾಡಿದವಳು ಒಂದು ಮಳಿಗೆಯ ಒಡತಿಯ ಹಿರಿಮಗಳು. ಮಳಿಗೆ ಕಟ್ಟಿ ಬೆಳೆಸಿದ ಅವಳ ತಾಯಿ ಇನ್ನು ಮನೆಯಲ್ಲಿ ಕೂರುತ್ತೇನೆ ಎಂದಿದ್ದಳಂತೆ. ಆ ದಿನ ಮಳಿಗೆಯಲ್ಲೇ ಎಲ್ಲರನ್ನೂ ಕರೆದು ಊಟ ಹಾಕಬೇಕು, ನಡುವೆ ಅಮ್ಮನ ಮುಖ ಐಸಿನಲ್ಲಿ ನಿಲ್ಲಬೇಕು. ಹಿರಿಮಗಳ ಬಾಯಿಂದ ಪ್ರಶ್ನೆಗಳು ನಲ್ಲಿ ಬಿಟ್ಟಂತೆ ಬಂದವು. ಫೋಟೋ ಒಂದು ಸಾಕಾ, ಪಕ್ಕದಿಂದ ತೆಗೆದದ್ದೂ ಬೇಕಾ. ಬಾಗಿಲಲ್ಲಿ ಹಿಡಿಸುತ್ತಾ. ಅಡಿಯಲ್ಲಿ ದೀಪ ಇಟ್ಟರೆ ಶಾಕ್ ಹೊಡೆಯುತ್ತಾ. ಕೆಂಡ ಹಲ್ಲು ಕಚ್ಚಿಕೊಂಡು, ಸೋಮವಾರವನ್ನು ನೆನೆಸಿಕೊಂಡು ಉತ್ತರ ಕೊಟ್ಟ. ಅತ್ತೆ ಮೆಚ್ಚಿ ತಲೆಯಾಡಿಸಿ, ಗಂಟಲಿಗೆ ಉಪ್ಪುನೀರು ಮುಕ್ಕಳಿಸಲು ಒಳಗೆ ಹೋದಳು. ಅಷ್ಟರಲ್ಲಿ ಆಕೆ ಇನ್ನೊಂದು ಕೇಳಿದಳು. ನಮ್ಮ ಜಾಗ ಸ್ವಲ್ಪ ತಂಪು, ಅದಕ್ಕೇನಾದರೂ ತೊಂದರೆಯಾ?

ತಾಳ್ಮೆಯ ದಾರ ಅಲ್ಲಿಗೆ ಕಡಿಯಿತು. ಐಸಿಗೆ ತಂಪಿನಿಂದ ತೊಂದರೆಯಾ ಎಂದು ಕೇಳುವವರಿಗೆ ಏನು ಹೇಳುವುದು? ಎಷ್ಟು ತಂಪಿದ್ದರೆ ಅಷ್ಟು ಒಳ್ಳೇದು ಬಿಡಿ ಎಂದು ಫೋನ್ ಇಟ್ಟ. ಏನು ಮಳಿಗೆ ಎಂದೂ ಕೇಳಲಿಲ್ಲ. ಮಾವ ವಿಚಾರಿಸಿದಾಗ, ಮಳಿಗೆ, ಮಧ್ಯಾಹ್ನದ ಊಟ, ತುಂಬ ಜನ ಎಂದ. ಬೇಸಿಗೆಯ ಮಧ್ಯಾಹ್ನ, ಜನ ತುಂಬಿದ ಮಳಿಗೆ. ಹಾಗಾದರೆ ಧಾರಾಳವಾಗಿ ಮೈ ಬಿಡು ಎಂದ ಮಾವ.

ಕೆಂಡ ಆ ಮುಖದ ಮುಂದೆ ಊಟ ನಿದ್ದೆ ಮರೆತು ಕೂತ. ಮಾವ ಗರಗಸದಿಂದ ಗಡ್ಡೆಯ ಮೂಲೆ ಹಾರಿಸಿ ಕೊಟ್ಟ. ಉಳಿದದ್ದೆಲ್ಲ ಇವನದೇ. ಫೋಟೋದಲ್ಲಿದ್ದದ್ದು ಒಣಕಲು ಮುಖ. ಉದ್ದ ಮೂಗು, ಒಳಸರಿದ ಕೆನ್ನೆ, ಯಾರ ಮಾತನ್ನೂ ಅಷ್ಟು ಬೇಗ ನಂಬದ ತುಟಿ. ಅದರ ಮೇಲೆ ಒಂದು ಬೆರಳಿನಷ್ಟು ಮೈ ಬಿಟ್ಟು ಕೆತ್ತಿದ. ಒಳಗಿರುವ ಮುಖ ಅವನಿಗೆ ಕಾಣುತ್ತಿತ್ತು. ಬೇರೆಯವರಿಗೆ ಕಾಣುತ್ತಿದ್ದದ್ದು ಹಲ್ಲುನೋವಿನಿಂದ ಊದಿಕೊಂಡ ಹೆಂಗಸು. ಮಾವ ಸುತ್ತ ಒಂದು ಸಲ ನಡೆದು ನೋಡಿ, ತಗೊಂಡು ಹೋಗು ಎಂದ. ಅಷ್ಟೇ. ಕೆಂಡನಿಗೆ ಆ ಎರಡು ಪದಕ್ಕೇ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

ದಾರಿಯಲ್ಲೂ ಏನೂ ಆಗಲಿಲ್ಲ. ಕಂಬಳಿ ಸುತ್ತಿದ ಪೆಟ್ಟಿಗೆಯನ್ನು ತಬ್ಬಿಕೊಂಡೇ ವ್ಯಾನಿನ ಹಿಂದೆ ಕೂತಿದ್ದ. ಪ್ರತಿ ಗುಂಡಿಗೂ ಮೂಗು ಹೋಯಿತು ಎಂದುಕೊಂಡ, ಹೋಗಲಿಲ್ಲ. ಮಳಿಗೆಯ ಗೇಟಿನಲ್ಲಿ ಮಾವ ಅವನನ್ನೂ ಪೆಟ್ಟಿಗೆಯನ್ನೂ ಇಳಿಸಿ, ಇನ್ನೊಂದು ಹೋಟೆಲಿಗೆ ಕೊಡಬೇಕಿದ್ದ ಹೂದಾನಿ ಕರಗುತ್ತದೆಂದು ಅವಸರದಲ್ಲೇ ಹೊರಟ. ಜನ ಸೇರುವ ಮೊದಲು ಬರುತ್ತೇನೆ ಎಂದ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮಳಿಗೆಯ ಇಬ್ಬರು ಆಳುಗಳು ತಳ್ಳುಗಾಡಿಯ ಮೇಲೆ ಪೆಟ್ಟಿಗೆ ಇಟ್ಟು, ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಸರಿಸಿ ಒಳಗೆ ನಡೆದರು.

ಒಳಗೆ ಹೂವು. ಎಲ್ಲಿ ನೋಡಿದರೂ ಬಕೆಟ್ಟುಗಳಲ್ಲಿ ಕುತ್ತಿಗೆ ಮಟ್ಟ ನೀರಿನಲ್ಲಿ ನಿಂತ ಹೂವು. ನೆಲ ಒದ್ದೆ, ಮೇಲೆ ಗೋಡೆಯುದ್ದಕ್ಕೂ ಗಾಳಿ ಊದುವ ಯಂತ್ರಗಳು. ಆ ತಂಪು ಮುಖಕ್ಕೆ ಬಡಿದಾಗ ಕೆಂಡನಿಗೆ ಹಾಯೆನಿಸಿತು. ಪೆಟ್ಟಿಗೆ ಬಿಚ್ಚಿ, ಮೇಜಿನ ಮೇಲಿನ ತಟ್ಟೆಯಲ್ಲಿ ಮುಖ ನಿಲ್ಲಿಸಿ, ತಟ್ಟೆಯ ಕೊಳವೆಯನ್ನು ಕೆಳಗಿನ ಬಕೆಟ್ಟಿಗೆ ಬಿಟ್ಟು, ದೀಪ ಹಾಕಿದ. ಎಲ್ಲಿಯೂ ಒಂದು ಚೂರೂ ಮುಕ್ಕಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೈ ಇಳಿಯುವುದನ್ನು ಕಾಯತೊಡಗಿದ.

ಆಳುಗಳು ಊಟದ ಮೇಜು ಜೋಡಿಸಿ ಮುಗಿಸಿದರು. ಬಟ್ಟೆ ಹಾಸಿದರು. ತಟ್ಟೆ ಇಟ್ಟರು. ಗಲ್ಲದಿಂದ ಒಂದು ಹನಿ ಬೀಳಲಿಲ್ಲ. ಕೊಳವೆ ಒಣಗಿಕೊಂಡೇ ಇತ್ತು. ಬಗ್ಗಿ ಬಕೆಟ್ಟು ನೋಡಲು ಹೋದವನಿಗೆ ತನ್ನ ಉಸಿರು ಹೊಗೆಯಂತೆ ಮುಂದೆ ಹೋಗುವುದು ಕಾಣಿಸಿತು. ಆಗ ನೋಡಿದ: ಆಳುಗಳೆಲ್ಲ ಸ್ವೆಟರು ಹಾಕಿದ್ದರು. ಬಡಿಸುವವರೂ ಸ್ವೆಟರು ಹಾಕಿದ್ದರು. ಇದು ಕರಗುವುದಿಲ್ಲ. ಇವತ್ತಲ್ಲ, ನಾಳೆಯೂ ಅಲ್ಲ.

ಹಿರಿಮಗಳು ಕೈಯಲ್ಲಿ ಚೀಲ ಹಿಡಿದು ಬಂದವಳು ಮೇಜಿನ ಮುಂದೆ ನಿಂತಳು.

"ಇದು ಯಾರು?"

ಕೆಂಡ ಕುರ್ಚಿಯಿಂದ ಎದ್ದ.

"ನಮ್ಮಮ್ಮ ಮುಖ ಊದಿಸಿಕೊಂಡು ಕೂತ ಹಾಗಿದೆ. ಬರೋರೆಲ್ಲ ಇದನ್ನ ನೋಡಿ ನಗಬೇಕಾ? ಫೋನಲ್ಲಿ ಕೇಳಿದೆ ಅಲ್ವಾ ನಾನು, ಜಾಗ ತಂಪು, ತೊಂದ್ರೆ ಇದೆಯಾ ಅಂತ."

ಕೇಳಿದ್ದಳು. ಕೇಳಿದ ಪ್ರಶ್ನೆಗಳಲ್ಲಿ ಅದೊಂದೇ ನಿಜವಾದ ಪ್ರಶ್ನೆಯಾಗಿತ್ತು. ಕೆಂಡ ಆ ಗಾಳಿಯಂತ್ರಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ ಎಂದು ಕೇಳಿದ. ನಾಳೆ ಬೆಳಿಗ್ಗೆ ಅಂಗಡಿ ಅಂಗಡಿಗೂ ಹೋಗಬೇಕಾದ ಹೂವಿದು, ನಿಲ್ಲಿಸಿದರೆ ಬಾಡುತ್ತದೆ ಎಂದಳು. ಹೊರಗೆ ಬಿಸಿಲಿಗೆ ಒಯ್ಯೋಣವೆಂದರೆ ಒಂದು ಕಡೆ ಕರಗಿ ಇನ್ನೊಂದು ಕಡೆ ಹಾಗೇ ಉಳಿದು, ಮುಖ ಸೊಟ್ಟಗಾಗುತ್ತದೆ. ಉಳಿಗಳೆಲ್ಲ ಶೆಡ್ಡಿನ ಗೋಡೆಯಲ್ಲಿ ನೇತಾಡುತ್ತಿದ್ದವು. ನಿಮ್ಮ ಮಾವನಿಗೆ ಫೋನ್ ಮಾಡುತ್ತೇನೆ ಎಂದು ಹಿರಿಮಗಳು ಹೊರಗೆ ನಡೆದಳು.

ಇಷ್ಟು ವರ್ಷ ಕರಗುತ್ತಾ ಕರಗುತ್ತಾ ಎಂದು ಜನ ಅವನ ತಲೆ ತಿಂದಿದ್ದರು. ಈಗ ಅವನೇ ಒಂದು ಐಸಿನ ಮುಂದೆ ನಿಂತು ಕರಗೇ ಎಂದು ಬೇಡಿಕೊಳ್ಳುತ್ತಿದ್ದ. ಆ ನಾಚಿಕೆಯೇ ಸಿಟ್ಟಾಗಿ ತಿರುಗಿತು. ಆ ಸಿಟ್ಟಿನಲ್ಲಿ ಅವನು ಮಾಡಬಾರದ್ದನ್ನು ಮಾಡಿದ. ಚಹಾದ ಮೇಜಿನಿಂದ ಕುದಿಯುವ ನೀರಿನ ಕೆಟಲು ತಂದು ತಲೆಯ ಮೇಲೆ ಸುರಿದ.

ಟಿಕ್ ಎಂದಿತು. ದೊಡ್ಡ ಸದ್ದಲ್ಲ. ಯಾರೋ ನಾಲಿಗೆ ಲೊಚಗುಟ್ಟಿದಷ್ಟು. ತಣ್ಣಗಿನ ಐಸಿಗೆ ಬಿಸಿ ಮುಟ್ಟಿಸಬೇಡ ಎನ್ನುವುದು ಮಾವ ಹೇಳಿಕೊಟ್ಟ ಮೊದಲ ಪಾಠ. ಕಿವಿಯ ಹಿಂದೆ ಕೂದಲೆಳೆಯಂಥ ಬಿರುಕೊಂದು ಹುಟ್ಟಿ ಕೆನ್ನೆಯ ಕಡೆಗೆ ಬೆಳೆಯುತ್ತಿತ್ತು. ಕೆಟಲು ಇನ್ನೂ ಬಾಗಿದ್ದಾಗಲೇ ಹಿಂದಿನಿಂದ ಯಾರೋ ಅವನ ಮಣಿಕಟ್ಟು ಹಿಡಿದರು. ಹಿಡಿತ ಕಬ್ಬಿಣದ್ದು.

"ಇಳಿಸು ಅದನ್ನ."

ಅವನು ತಿರುಗಿ ನೋಡಿದ. ಇಷ್ಟು ದಿನ ಫೋಟೋದಲ್ಲಿ ಎದುರಿಟ್ಟುಕೊಂಡು ಕೂತ ಮುಖವೇ ಅಲ್ಲಿ ನಿಂತಿತ್ತು. ಉದ್ದ ಮೂಗು, ಒಳಸರಿದ ಕೆನ್ನೆ, ನಂಬದ ತುಟಿ. ಮನೆಯಲ್ಲಿ ಕೂರಲಾರದೆ, ಹೂವಿಗೆ ನೀರು ಬದಲಾಯಿಸಿದ್ದಾರೋ ಇಲ್ಲವೋ ನೋಡಲು ಹಿಂದಿನ ಬಾಗಿಲಿನಿಂದ ಬಂದಿದ್ದಳು ಅಜ್ಜಿ. ತೂತು ಬಿದ್ದ ಸ್ವೆಟರಿನಲ್ಲಿ, ಕಾಲಿಗೆ ರಬ್ಬರ್ ಬೂಟು.

ಅವಳು ಐಸನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರಿವಳು? ಉಂಡುಟ್ಟು ಚೆನ್ನಾಗಿದ್ದಾಳೆ."

"ನೀವೇ, ಅಜ್ಜಿ" ಎಂದ ಕೆಂಡ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ಒಳಗಿದ್ದೀರಿ. ಸೆಕೆಗೆ ಇಳಿಯುತ್ತೆ ಅಂತ ದಪ್ಪ ಬಿಟ್ಟಿದ್ದೆ. ಇಲ್ಲಿ ಸೆಕೇನೇ ಇಲ್ಲ."

ಅಜ್ಜಿ ಒಂದು ಖಾಲಿ ಬಕೆಟ್ಟನ್ನು ಮಗುಚಿ ಹಾಕಿ ಐಸಿನ ಪಕ್ಕದಲ್ಲೇ ಕೂತು, ಮುಖ ಅವನ ಕಡೆ ತಿರುಗಿಸಿದಳು. ನನ್ನ ಕೆನ್ನೆಯಲ್ಲಿ ಅಷ್ಟು ಮಾಂಸ ಇದ್ದದ್ದು ಮದುವೆಗೆ ಮುಂಚೆ, ಹೊರಗೆ ತೆಗಿ ನೋಡೋಣ ಎಂದಳು.

ಬಿರುಕು ನಿಂತಿತ್ತು. ಕಿವಿಯ ಕೆಳಗೆ, ಕೆನ್ನೆ ಶುರುವಾಗುವುದಕ್ಕೆ ಸ್ವಲ್ಪ ಈಚೆಗೆ. ಇನ್ನು ಅದನ್ನು ಎಬ್ಬಿಸದಂತೆ ಕೆಲಸ ಮಾಡಬೇಕು. ಕೆಂಡ ಕೆಟಲಿಗೆ ಬಕೆಟ್ಟಿನ ತಣ್ಣೀರು ಬೆರೆಸಿ, ಬರೀ ಚಳಿ ಬಿಟ್ಟಷ್ಟು ಬೆಚ್ಚಗೆ ಮಾಡಿದ. ಊಟದ ಮೇಜಿನ ಬಟ್ಟೆಯೊಂದನ್ನು ಅದರಲ್ಲಿ ಅದ್ದಿ ಹಿಂಡಿ, ಹಣೆಯಿಂದ ಕೆಳಗೆ ಉಜ್ಜಿದ. ಮತ್ತೆ ಅದ್ದಿದ, ಮತ್ತೆ ಉಜ್ಜಿದ. ಗಲ್ಲದ ತುದಿಯಲ್ಲಿ ಒಂದು ಹನಿ ನೆರೆದು, ತೂಗಾಡಿ, ಬಿತ್ತು. ಆ ಹನಿ ಬಿದ್ದ ಸದ್ದಿನಷ್ಟು ಸಿಹಿಯಾದ ಸದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಮೆಲ್ಲಗೆ ನೀರನ್ನು ಬಿಸಿ ಮಾಡುತ್ತಾ ಹೋದ. ಕೆನ್ನೆಗೆ ಸ್ಟೀಲಿನ ಲೋಟದಲ್ಲಿ ಬೆಚ್ಚನೆ ನೀರು ತುಂಬಿ, ಬಟ್ಟೆಗೆ ಇಸ್ತ್ರಿ ಹಾಕಿದಂತೆ ಹೊರಮೈಯಿಂದ ಒತ್ತಿ ಎಳೆದ. ಕಣ್ಣಿನ ಮೂಲೆಗೆ, ಮೂಗಿನ ಪಕ್ಕದ ಗೆರೆಗೆ ಚಹಾದ ಚಮಚವೇ ಉಳಿಯಾಯಿತು. ಬಿಸಿ ನೀರಿನಲ್ಲಿ ಅದ್ದಿ, ಅಂಗಿಗೆ ಒರೆಸಿ, ಚಮಚದ ಬೆನ್ನಿನಿಂದ ಗೆರೆ ಇಳಿಸಿದ. ಕಣ್ಣು ಅಜ್ಜಿಯ ಮೇಲೆ, ಕೈ ಐಸಿನ ಮೇಲೆ. ಫೋಟೋದಲ್ಲಿ ಕಾಣದ್ದೆಲ್ಲ ಈಗ ಕಾಣುತ್ತಿತ್ತು. ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಕೆಳಗಿತ್ತು. ಸುಮ್ಮನಿದ್ದಾಗಲೂ ಕೆಳತುಟಿ ಏನನ್ನೋ ಎಣಿಸುವಂತೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಅಜ್ಜಿ ಕೂತಲ್ಲಿಂದಲೇ ಆಳುಗಳಿಗೆ ಆ ಬಿಳಿ ಹೂವಿನ ಬಕೆಟ್ಟು ಬಾಗಿಲ ಹತ್ತಿರ ಯಾಕಿಟ್ಟಿರಿ ಎಂದು ಗದರುತ್ತಿದ್ದಳು. ಮಾತಾಡಿದರೆ ಮುಖ ಅಲ್ಲಾಡುತ್ತೆ ಅಜ್ಜಿ ಎಂದ. ಅಲ್ಲಾಡದ ಮುಖ ನನ್ನದಲ್ಲ ಕಣೋ, ಹಾಗೇ ಮಾಡು ಎಂದಳು.

ಫೋನ್ ಸಿಗದೆ ಹಿರಿಮಗಳು ಒಳಗೆ ಬಂದಾಗ ಕಂಡದ್ದು ಇದು. ಅಮ್ಮ ಬಕೆಟ್ಟಿನ ಮೇಲೆ, ಐಸಿನ ಹುಡುಗ ಚಮಚ ಹಿಡಿದು ಮಂಡಿಯೂರಿ. ಅವಳು ಬೈಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹಣೆಯೂ ಒಂದು ಕಣ್ಣೂ ಹೊರಗೆ ಬಂದಿದ್ದವು. ಬಾಯಿ ಮುಚ್ಚಿ, ಸೆರಗು ಸಿಕ್ಕಿಸಿಕೊಂಡು, ಲೋಟಗಳಿಗೆ ನೀರು ತುಂಬಿ ತುಂಬಿ ಕೊಡತೊಡಗಿದಳು. ಪ್ರಶ್ನೆಗಳೂ ಜೊತೆಗೇ ಬಂದವು. ಇಷ್ಟು ಬಿಸಿ ಸಾಕಾ, ಈ ಗೆರೆ ದೊಡ್ಡದಾಗುತ್ತಾ, ಕೈ ಮರಗಟ್ಟಲ್ವಾ. ಕೆಂಡ ಒಂದನ್ನೂ ಬಿಡದೆ ಉತ್ತರ ಕೊಟ್ಟ. ಅವನಿಗೆ ತನ್ನ ಧ್ವನಿ ಎಲ್ಲೋ ಕೇಳಿದಂತಿತ್ತು. ಆಮೇಲೆ ಹೊಳೆಯಿತು, ಅದು ಅತ್ತೆಯ ಧ್ವನಿ.

ತುಟಿಯೊಂದು ಬಾಕಿ ಇರುವಾಗ ಪ್ಲಾಸ್ಟಿಕ್ ಪರದೆ ಸರಿಯಿತು. ಮಾವ. ಬಾಗಿಲಲ್ಲೇ ನಿಂತು ತಂಪನ್ನು ಮೂಸಿದ. ಗಾಳಿಯಂತ್ರಗಳನ್ನು ನೋಡಿದ, ಹೂವು ನೋಡಿದ, ಅಳಿಯನ ಕೈಯಲ್ಲಿನ ಚಮಚ ನೋಡಿದ. ಏನಾಗಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಕೆಂಡ ಎದ್ದು ನಿಂತ.

"ತಂಪು ಅಂತ ಅವರು ಹೇಳಿದ್ರು ಮಾವ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಕುದಿಯೋ ನೀರೂ ಹಾಕ್ದೆ. ಬಿರುಕು ಬಿಟ್ಟಿದೆ."

ಮಾವ ಮೊಬೈಲಿನ ದೀಪ ಹಾಕಿ ಕಿವಿಯ ಹಿಂದೆ ಬಗ್ಗಿ ನೋಡಿದ. ಬಿರುಕು ಎಲ್ಲಿ ಹುಟ್ಟಿ ಎಲ್ಲಿ ನಿಂತಿದೆ ಎಂದು ಬೆಳಕು ಆಡಿಸಿ ನೋಡಿದ. ಆಮೇಲೆ ಕೆನ್ನೆ ಮುಟ್ಟಲು ಕೈ ಚಾಚಿದವನು, ಆ ಬೆರಳುಗಳಿಗೆ ಏನೂ ತಿಳಿಯದು ಎನ್ನುವುದು ನೆನಪಾಗಿ, ಕೈ ಹಿಂತೆಗೆದ. ಬಗ್ಗಿ, ತನ್ನ ಕೆನ್ನೆಯನ್ನೇ ಐಸಿನ ಕೆನ್ನೆಗೆ ಆನಿಸಿದ. ಕಣ್ಣು ಮುಚ್ಚಿ ಮೆಲ್ಲಗೆ ಗಲ್ಲದವರೆಗೂ ಜಾರಿಸಿದ. ಆಳುಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಬಕೆಟ್ಟಿನ ಮೇಲೆ ಕೂತಿದ್ದ ಅಜ್ಜಿ, ಇವನ್ಯಾರು ಸ್ವಾಮಿ, ನನ್ನ ಹೀಗೆ ಮುದ್ದು ಮಾಡ್ತಿರೋದು ಎಂದಳು.

ನಗು ಮೊದಲು ಹಿರಿಮಗಳಿಂದ ಬಂತು, ಆಮೇಲೆ ಎಲ್ಲರಿಂದ. ಮಾವನ ಮುಖವೂ ಸಡಿಲಾಯಿತು. ಒದ್ದೆ ಕೆನ್ನೆ ಒರೆಸಿಕೊಳ್ಳುತ್ತಾ ಚಮಚ ತೋರಿಸಿ, ತುಟಿ ಮುಗಿಸು, ಜನ ಬರ್ತಿದ್ದಾರೆ ಎಂದ. ತಾನೇ ಒಂದು ಲೋಟ ತೆಗೆದುಕೊಂಡು, ಬಿರುಕಿನ ಬಾಯಿಗೆ ಐಸ್‌ನೀರು ಹನಿ ಹನಿಯಾಗಿ ಬಿಟ್ಟು ಅಲ್ಲೇ ಹೆಪ್ಪುಗಟ್ಟಿಸಿದ. ಆ ತಂಪಿನಲ್ಲಿ ಅದು ಕೂಡಲೇ ಗಟ್ಟಿಯಾಯಿತು. ಬಿಸಿಲಿನ ಸಭಾಂಗಣವಾಗಿದ್ದರೆ ಹಾಗೆ ಹಿಡಿಯುತ್ತಲೇ ಇರಲಿಲ್ಲ.

ಜನ ಬಂದರು. ಸ್ವೆಟರು ಶಾಲು ಹೊದ್ದು, ಕೈ ಉಜ್ಜಿಕೊಳ್ಳುತ್ತಾ ಬಂದವರು ಮೇಜಿನ ಸುತ್ತ ನೆರೆದರು. ಅಡಿಯ ದೀಪದ ಬೆಳಕು ಹಣೆಯವರೆಗೂ ಏರಿ ಆ ಇಳಿದ ರೆಪ್ಪೆಯ ಮೇಲೆ ನಿಂತಿತ್ತು. ಐಸಿನ ಮೇಲೆ ಒಂದು ಉಳಿಯ ಗುರುತಿರಲಿಲ್ಲ. ಎಲ್ಲ ಕೈಯಿಂದ ತಿಕ್ಕಿದ ನುಣುಪು, ನದಿಯ ಕಲ್ಲಿನ ಹಾಗೆ. ಬೂಟು ಬದಲಿಸಿ ಬಂದ ಅಜ್ಜಿ ತನ್ನ ಮುಖದ ಎದುರು ನಿಂತು ತಲೆ ವಾಲಿಸಿ ನೋಡಿದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಮೂಗು ಮಾತ್ರ ಸ್ವಲ್ಪ ಸಣ್ಣ ಮಾಡಬಹುದಿತ್ತು ಎಂದಳು. ಮಾವ ಅಳಿಯನ ಕಡೆ ನೋಡಿ ಹುಬ್ಬು ಹಾರಿಸಿದ. ಕೆಂಡ ಚಮಚವನ್ನು ಮೆಲ್ಲಗೆ ಜೇಬಿಗಿಳಿಸಿದ.

ಅಜ್ಜಿ ಮಾತು ಮುಗಿಸಿರಲಿಲ್ಲ. ಮಗಳ ತೋಳು ಹಿಡಿದು ಎಳೆದು ಐಸಿನ ಪಕ್ಕದಲ್ಲಿ ನಿಲ್ಲಿಸಿ, ಇನ್ನು ಇವಳನ್ನು ಕೇಳಿ, ನನ್ನನ್ನಲ್ಲ ಎಂದಳು. ಹಿರಿಮಗಳು ಒಂದು ಪ್ರಶ್ನೆಯನ್ನೂ ಕೇಳದೆ ನಿಂತದ್ದನ್ನು ಕೆಂಡ ಮೊದಲ ಸಲ ನೋಡಿದ. ಅವಳು ಅಳುತ್ತಿದ್ದಳು.

ಊಟ ಮುಗಿಸಿ ಹೊರಗೆ ಬಂದಾಗ ಬಿಸಿಲು ಬೆನ್ನಿಗೆ ಕಂಬಳಿಯ ಹಾಗೆ ಬಿತ್ತು. ಮಾವ ವ್ಯಾನಿನ ಬಾಗಿಲ ಮುಂದೆ ಕೀಲಿ ಹಿಡಿದು ತಡಕಾಡುತ್ತಿದ್ದ. ಬೆರಳು ಸಿಗುತ್ತಿರಲಿಲ್ಲ. ಕೆಂಡ ಕೀಲಿ ತೆಗೆದುಕೊಂಡು ಬಾಗಿಲು ತೆರೆದ. ಇಬ್ಬರೂ ಹತ್ತಿ ಕೂತರು. ಮಾವ ವ್ಯಾನು ಶುರು ಮಾಡದೆ ಗಾಜಿನಾಚೆ ನೋಡುತ್ತಿದ್ದ.

"ಇಂಥ ಪೆದ್ದು ತಪ್ಪು ನಮ್ಮವರು ಬಿಟ್ಟರೆ ಬೇರೆ ಯಾರೂ ಮಾಡಲ್ಲ" ಎಂದ. "ಐಸಿನ ಮನೇಲಿ ಬೆಳೆದೋರಿಗೆ ಮಾತ್ರ ಐಸ್ ಕರಗೇ ಕರಗುತ್ತೆ ಅಂತ ನಂಬಿಕೆ."

ಮಾವ ಅವನ ಕೈಯಿಂದ ಕೀಲಿ ಈಸಿಕೊಂಡ.

"ಗೋದಾಮಿನ ಮೇಸ್ತ್ರಿಗೆ ನೀನೇ ಫೋನ್ ಮಾಡು. ಬರಲ್ಲ ಅಂತ ಹೇಳು. ಮರ್ಯಾದೆಯಿಂದ ಹೇಳು, ಒಳ್ಳೆ ಮನುಷ್ಯ ಅವನು."

ಕೆಂಡ ಹೂಂ ಎಂದ. ಅಲ್ಲಿಯವರೆಗೆ ಚಳಿಗೆ ಸತ್ತಂತಿದ್ದ ಅವನ ಕೈಗಳಿಗೆ ಆಗ ಜೀವ ಬರತೊಡಗಿತು. ಮೊದಲು ಜುಂ ಎಂದಿತು, ಆಮೇಲೆ ಒಂದೊಂದು ಬೆರಳಿಗೂ ಸೂಜಿ ಚುಚ್ಚಿದ ಹಾಗಾಯಿತು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುದುರಿ ಕೂತ. ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತಿತ್ತು. ನೋಯಲಿ ಎಂದುಕೊಂಡ. ವ್ಯಾನು ಹೊರಟಿತು. ಪ್ರತಿ ಗುಂಡಿಗೂ ಹಿಂದಿನ ಖಾಲಿ ಪೆಟ್ಟಿಗೆ ಎಗರಿ ಎಗರಿ ಬೀಳುತ್ತಿತ್ತು. ಅದನ್ನು ಹಿಡಿದುಕೊಳ್ಳುವ ಅಗತ್ಯ ಯಾರಿಗೂ ಇರಲಿಲ್ಲ.